ಎರಡನೆಯ ಡ್ರಾಯರು

ಮೊದಲನೆಯದು ನನ್ನದು:
ಹತ್ತಿ, ಪಟ್ಟಿ, ಮುರಿದ ಕೈಗೆ ಕಟ್ಟುವ ಹಲಗೆ,
ಬೆರಳು ಚುಚ್ಚಿ ಸಕ್ಕರೆ ನೋಡುವ ಮಷೀನು.
ಎರಡನೆಯದಕ್ಕೆ ಕೆಂಪು ಪ್ಲಾಸ್ಟಿಕ್ಕಿನ ಬೀಗ,
ಜೋರಾಗಿ ಎಳೆದರೆ ಕಿತ್ತು ಬರುವಂಥದ್ದು.
ಕಿತ್ತವರು ಯಾರು, ಯಾರ ಅಪ್ಪಣೆಯಿಂದ, ಎಷ್ಟು ಗಂಟೆಗೆ,
ಬರೆದಿಡಬೇಕು.

ಮೊಲ್ಲೆಂ ಚೆಕ್‌ಪೋಸ್ಟು, ರಾತ್ರಿ ಎರಡೂ ಹತ್ತು.
ಘಟ್ಟ ಇಳಿದ ಲಾರಿಗಳ ಬ್ರೇಕು ಸುಟ್ಟ ವಾಸನೆ.
ಉಳ್ಳಾಗಡ್ಡಿ ಚೀಲಗಳ ಮೇಲಿಂದ ಇಳಿಸಿದ್ದರು ಅವನನ್ನು,
ಫಕೀರಪ್ಪ, ಹಮಾಲ, ಲಕ್ಷ್ಮೇಶ್ವರದ ಕಡೆಯವ,
ಅಂಗಿ ಹಿಂಡಿದರೆ ಬೆವರು ಸುರಿಯುವಂತಿತ್ತು.
ಕುಡಿದಿದ್ದಾನೆ ಬಿಡಿ, ಅಂದ ಪೊಲೀಸಪ್ಪ ಕೊಂಕಣಿಯಲ್ಲಿ.
ಬಾಯಿ ಮೂಸಿದೆ. ಬೆರಳು ಚುಚ್ಚಿದೆ.
ಮಷೀನು ಮೂವತ್ತೊಂದು ಅಂದಿತು.
"ಗುಳಿಗಿ ನುಂಗ್ಯಾನ್ರಿ, ಉಂಡಿಲ್ಲ" ಅಂದಳು ಹುಲಿಗೆವ್ವ,
ಅವನ ಹೆಂಡತಿ.

ಎಚ್ಚರವಿದ್ದಿದ್ದರೆ ಸಕ್ಕರೆ ನೀರು ಕುಡಿಸುತ್ತಿದ್ದೆ.
ಎಚ್ಚರ ತಪ್ಪಿದವನ ಬಾಯಿಗೆ ಏನೂ ಹುಯ್ಯಬಾರದು,
ಅದು ಉಸಿರಿನ ದಾರಿ ಹಿಡಿಯುತ್ತದೆ.
ಮಗ್ಗುಲಾಗಿ ಮಲಗಿಸು, ಗದ್ದ ಎತ್ತು,
ಆಕ್ಸಿಜನ್ ಕೊಡು, ಒಯ್ಯಿ.
ನನ್ನ ಪುಸ್ತಕ ಅಲ್ಲಿಗೆ ಮುಗಿಯುತ್ತದೆ.
ಔಷಧಿ ಎರಡನೆಯ ಡ್ರಾಯರಿನಲ್ಲಿದೆ,
ಗಾಜಿನ ಶೀಸೆಯೊಳಗೆ ಸಕ್ಕರೆ, ಒಂದು ಸೂಜಿಯಷ್ಟು ದೂರ.
ಅವನ ಮೊಣಕೈ ಮಡಿಕೆಯ ನರವೋ
ಹೊರೆ ಹೊತ್ತು ಹೊತ್ತು ಹಗ್ಗದ ಹಾಗೆ ಉಬ್ಬಿತ್ತು,
ಕುರುಡರೂ ಚುಚ್ಚಬಹುದಾದ ನರ.

ಕಂಟ್ರೋಲ್ ರೂಮಿನ ಡಾಕ್ಟರರಿಗೆ ಫೋನು ಹಚ್ಚಿದೆ.
ಅಭಯಾರಣ್ಯ; ಸಿಗ್ನಲ್ಲಿಗೂ ಪ್ರವೇಶವಿಲ್ಲ.

"ಯವ್ವಾ, ಇಷ್ಟ ಸಣ್ಣ ಸೂಜಿ, ನಿನಗ ಬರೂದಿಲ್ಲೇನ?"

ಬರುತ್ತದೆ. ಬಾಂಬೋಳಿಯಲ್ಲಿ ನೂರು ಸಲ ನೋಡಿದ್ದೇನೆ.
ನರ್ಸು ಪ್ರಮಿಳಾ ಗಾಂವಕಾರ ರಬ್ಬರಿನ ಕೈಗೆ ಹಾಕಿಸಿದ್ದಾಳೆ,
ಒಮ್ಮೆ, ಬಾಗಿಲು ಮುಂದೆ ಮಾಡಿ, ತನ್ನ ಕೈಯನ್ನೇ ಚಾಚಿದ್ದಾಳೆ.
ಬರುತ್ತದೆ ಅನ್ನಲಿಲ್ಲ. ಬರುವುದಿಲ್ಲ ಅಂತಲೂ ಅನ್ನಲಿಲ್ಲ.
"ಫೋಂಡಾ ಬಂತ ನೋಡ" ಅಂದೆ.
ಬಂದಿರಲಿಲ್ಲ.
ಕನ್ನಡಿಯಲ್ಲಿ ವೆಳಿಪನ ಕಣ್ಣು ಒಮ್ಮೆ ನನ್ನನ್ನು ತಾಕಿ
ಮತ್ತೆ ರಸ್ತೆಗೆ ಹೋಯಿತು.

ನನ್ನ ಮುತ್ಯಾನ ಹಡಪಕ್ಕೆ ಬೀಗವಿರಲಿಲ್ಲ.
ಗಡ್ಡ ಕೆರೆದ ಅದೇ ಕತ್ತಿಯಲ್ಲಿ ಕುರು ಕೊಯ್ಯುತ್ತಿದ್ದ,
ಮುಳ್ಳು ತೆಗೆಯುತ್ತಿದ್ದ, ಊರು ಜೋಳ ಅಳೆಯುತ್ತಿತ್ತು.
ಎಷ್ಟು ಕುರು ಮಾದವೋ ಲೆಕ್ಕವಿಟ್ಟವರಿಲ್ಲ.
ಬಡಿಗೇರರ ಕೂಸಿನ ತೊಡೆಯದು ಮಾತ್ರ ಎಲ್ಲರಿಗೂ ನೆನಪು:
ಎಂಟನೆಯ ದಿನ ದವಡೆ ಕಚ್ಚಿಕೊಂಡು
ಬಿಲ್ಲಿನ ಹಾಗೆ ಬಾಗಿತಂತೆ.
ಆಮೇಲೆ ಮುತ್ಯಾ ಬರೀ ಗಡ್ಡ ಕೆರೆದ,
ಕತ್ತಿಯನ್ನು ಎರಡೆರಡು ಸಲ ತೊಳೆಯುತ್ತ.
ಇದನ್ನು ಆ ತಿರುವುಗಳಲ್ಲಿ
ಹುಲಿಗೆವ್ವನಿಗೆ ಹೇಗೆ ಹೇಳಲಿ?

ಧಾರಬಾಂದೋಡಾದಲ್ಲಿ ಫೋನಿಗೆ ಜೀವ ಬಂತು.
"ನೀನು ಬೇಸಿಕ್ಕಾ? ಹಾಗಾದರೆ ಮುಟ್ಟಬೇಡ. ಎಷ್ಟು ದೂರ?"
"ಇಪ್ಪತ್ತು ನಿಮಿಷ, ಸರ್."
ಆ ಕಡೆ ಅವರೂ ಸುಮ್ಮನಾದರು,
ಆದರೆ ಫೋನು ಇಡಲಿಲ್ಲ.

ಎರಡು ಬೆರಳು ಅವನ ಗದ್ದದ ಕೆಳಗೆ.
ನಾಲಿಗೆ ಹಿಂದೆ ಬೀಳದಂತೆ, ಅಷ್ಟೇ.
ತಿಸ್ಕ್ ದಾಟುವಾಗ ಬೆರಳು ಮರಗಟ್ಟಿದವು.
ಬದಲಾಯಿಸಲಿಲ್ಲ.

ಫೋಂಡಾ ಆಸ್ಪತ್ರೆಯಲ್ಲಿ ನನಗಿಂತ ಚಿಕ್ಕ ಹುಡುಗಿ,
ನಿದ್ದೆಗಣ್ಣು, ಕೋಟಿನ ಗುಂಡಿ ತಪ್ಪಿ ಹಾಕಿದ್ದಳು,
ಒಂದೇ ಸಲಕ್ಕೆ ಸೂಜಿ ಏರಿಸಿದಳು.
ಶೀಸೆ ಅರ್ಧವಾಗುವಷ್ಟರಲ್ಲಿ ಫಕೀರಪ್ಪ ಕಣ್ಣು ಬಿಟ್ಟ,
ಸುತ್ತ ನೋಡಿದ, ಸಿಟ್ಟಿನಿಂದ ಕೇಳಿದ:
"ನನ್ನ ಚಪ್ಪಲಿ ಎಲ್ಲೆ?"

ಹುಲಿಗೆವ್ವ ಆ ಹುಡುಗಿಯ ಕಾಲು ಮುಟ್ಟಿದಳು.
ಎದ್ದು ನನ್ನ ಕಡೆ ನೋಡಿದಳು.
ಆ ನೋಟ ನನಗೆ ಓದಲು ಬರಲಿಲ್ಲ.

ಫಾರ್ಮು ತುಂಬಿದೆ. ಗದ್ದ ಎತ್ತಿದೆ. ಆಕ್ಸಿಜನ್.
ಬೀಗ: ಸರಿಯಾಗಿದೆ.

ಗಾಡಿ ಒರೆಸುವಾಗ ವೆಳಿಪನಿಗೆ ಸ್ಟ್ರೆಚರಿನ ಕೆಳಗೆ
ಒಂದು ಚಪ್ಪಲಿ ಸಿಕ್ಕಿತು, ಎಡಗಾಲಿನದು,
ಉಂಗುಟಕ್ಕೆ ಪಿನ್ನು ಚುಚ್ಚಿ ನಿಲ್ಲಿಸಿದ್ದು.
ಕೊಟ್ಟು ಬರೋಣ ಅನ್ನುವಷ್ಟರಲ್ಲಿ ಮತ್ತೆ ಫೋನು:
ಬೋರಿ ಸೇತುವೆ, ಬೈಕು, ಇಬ್ಬರು.

ಚಪ್ಪಲಿಯನ್ನು ಮೊದಲನೆಯ ಡ್ರಾಯರಿನಲ್ಲಿಟ್ಟೆ.